ಶನಿವಾರದ ಗೋಧಿ

೧೯೫೨ ಜನವರಿ ೨೧, ಸೋಮವಾರ, ಬೆಳಗಿನ ಐದು ಗಂಟೆ. ಅಂಧೇರಿಯ ನಮ್ಮ ಹೋಟೆಲಿನ ಉಗ್ರಾಣದಲ್ಲಿ ಪೂರಿಗೆಂದು ಗೋಧಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಹತ್ತಿರದಲ್ಲೇ ಬೆಕ್ಕಿನ ಮರಿಯೊಂದು ಸಣ್ಣಗೆ ಕೂಗಿದಂತಾಯಿತು. ಚೀಲಗಳನ್ನು ಸರಿಸಿ ನೋಡಿದೆ, ಇರಲಿಲ್ಲ. ಬಗ್ಗಿದರೆ ಕೂಗು ಹೆಚ್ಚುತ್ತಿತ್ತು, ಉಸಿರು ಹಿಡಿದರೆ ನಿಲ್ಲುತ್ತಿತ್ತು. ಕೂಗುತ್ತಿದ್ದುದು ನನ್ನ ಎದೆ.

ಊರಿನಲ್ಲಿದ್ದಾಗ ಉಬ್ಬಸ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಉಡುಪಿಯ ಹತ್ತಿರದ ನಮ್ಮ ಮನೆಯಲ್ಲಿ ಎರಡು ಹೊತ್ತೂ ಕುಚ್ಚಿಲಕ್ಕಿಯ ಅನ್ನ. ಗೋಧಿಗೆ ಒಲೆಯ ಬಳಿ ಜಾಗ ಸಿಗುತ್ತಿದ್ದುದು ಶನಿವಾರ ರಾತ್ರಿ ಮಾತ್ರ. ಅನ್ನ ಬಿಡುವ ಆ ರಾತ್ರಿಯ ಲಘು ಆಹಾರವನ್ನು ನಮ್ಮ ಕಡೆ ಪಲಾರ ಎನ್ನುತ್ತಾರೆ. ನಾಲ್ಕು ಚಪಾತಿ ತಿಂದರೂ ಅದು ಉಪವಾಸವೇ. ಮುಂಬಯಿಯಲ್ಲಿ ರೇಷನ್ ಅಕ್ಕಿ ಸಾಲದು, ಜನ ಗೋಧಿಯನ್ನೇ ಊಟ ಎನ್ನುತ್ತಾರೆ. ನಾನು ಮಾತ್ರ ಬಂದ ಮೇಲೂ ಅನ್ನವನ್ನೇ ಹುಡುಕಿ ತಿನ್ನುತ್ತಿದ್ದೆ. ಗೋಧಿ ಶನಿವಾರಕ್ಕೇ ಉಳಿದಿತ್ತು.

ದಿನಚರಿ ಬರೆಯುವುದು ನನ್ನ ಅಭ್ಯಾಸ. ಸೀನಿಗೆ ಒಂದು ಗೀಟು, ಎದೆ ಕೂಗಿದರೆ ಒಂದು ಕತ್ತರಿ ಗುರುತು ಹಾಕತೊಡಗಿದೆ. ವಾರದ ಎಲ್ಲ ಬೆಳಗಿಗೂ ಕತ್ತರಿ ಬಿತ್ತು. ಆದರೆ ಶನಿವಾರ ರಾತ್ರಿ ಅದೇ ಹಿಟ್ಟಿನ ಚಪಾತಿ ತಿಂದಾಗ ಏನೂ ಆಗಲಿಲ್ಲ. ಬಾಯಿಗೆ ಬೇಡವಾಗದ್ದು ಮೂಗಿಗೆ ಏಕೆ ಬೇಡ?

ಯಜಮಾನರು ಕುಂದಾಪುರದ ಕಡೆಯವರು. ನಾನು ವಿಷಯ ತಿಳಿಸಿದಾಗ ಗಲ್ಲಾದಿಂದ ಏಳದೆಯೇ ಹೇಳಿದರು: “ಎಂತ ಮಾರಾಯ, ಜರಡಿ ಹಿಡಿಯುವವನಿಗೇ ಹಿಟ್ಟು ಆಗೂದಿಲ್ಲ ಅಂದ್ರೆ ನಾನೆಂತ ಮಾಡೂದು? ಶಿವರಾತ್ರಿ ತನಕ ನೋಡುವ. ಆಗ್ಲಿಲ್ಲಾಂದ್ರೆ ಸ್ಟೀಮರ್ ಹತ್ತು.”

ಸ್ಟೀಮರ್ ಹತ್ತಿ ಊರಿಗೆ ಮರಳಿದರೆ ಕೆಲಸವೊಂದೇ ಅಲ್ಲ, ಓದೂ ಹೋಗುತ್ತಿತ್ತು. ಹೋಟೆಲ್ ಹುಡುಗರಿಗೆಂದೇ ನಡೆಯುವ ರಾತ್ರಿ ಶಾಲೆಯಲ್ಲಿ ನಾನು ಮೆಟ್ರಿಕ್‌ಗೆ ಓದುತ್ತಿದ್ದೆ. ಪರೀಕ್ಷೆ ಮಾರ್ಚ್‌ನಲ್ಲಿ. ಊರಿನಲ್ಲಿ ಬಿಟ್ಟ ಶಾಲೆ ಈ ಊರಿನಲ್ಲಿ ಮತ್ತೆ ಸಿಕ್ಕಿತ್ತು.

ಚಾಳಿನಲ್ಲಿ ನನ್ನ ಖೋಲಿಯ, ಎಂದರೆ ಇಲ್ಲಿನ ಒಂಟಿಕೋಣೆ ಬಿಡಾರದ, ಜೊತೆಗಾರ ಬಸಪ್ಪ ವಿಜಾಪುರದವನು. ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ನನ್ನ ಪಲಾರದ ಕಥೆ ಕೇಳಿ ಅವನು ತಟ್ಟೆ ಕೆಳಗಿಟ್ಟು ನಕ್ಕ.

“ನಾವು ಹೊಟ್ಟಿ ತುಂಬಾಕ ಚಪಾತಿ ತಿಂತೀವಿ, ನೀವು ಉಪಾಸ ಮಾಡಾಕ ತಿಂತೀರಿ. ಭಾಳ ಕಠಿಣ ಐತಿ ಬಿಡೊ ನಿಮ್ಮ ಉಪಾಸ.”

“ನಗು ಸಾಕು. ಉಪಾಯ ಇದ್ರೆ ಹೇಳು.”

“ವಾರಕ್ಕೊಮ್ಮೆ ಬರೋ ಬೀಗರನ್ನ ನೋಡಿ ನಾಯಿ ಬೊಗಳ್ತೈತಿ. ದಿನಾ ಬಂದ್ರ ಬಾಲಾ ಅಲ್ಲಾಡಸ್ತೈತಿ. ದಿನಾ ತಿನ್ನು, ನಿನ್ನ ಎದಿಗೂ ಗುರುತು ಹತ್ತತೈತಿ.”

ನಾನು ಹಾಗೆಯೇ ನಂಬಲಿಲ್ಲ. ಭಾನುವಾರ ಸ್ಟೇಷನ್ ಬಳಿಯ ಮರಾಠಿ ಡಾಕ್ಟರರನ್ನು ಕೇಳಿದೆ. ಬಾಯಿಂದ ಹೋದದ್ದನ್ನು ದೇಹ ಕೆಲವೊಮ್ಮೆ ಸಹಿಸಲು ಕಲಿಯಬಹುದು, ಕೆಲವರಿಗೆ ತಿಂದದ್ದೇ ಅಪಾಯವಾಗುವುದೂ ಉಂಟು, ನಿನ್ನದು ಯಾವುದೆಂದು ನಾನು ಹೇಳಲಾರೆ ಎಂದರು. ಇದುವರೆಗೆ ಶನಿವಾರಗಳಲ್ಲಿ ತಿಂದು ನನಗೆ ತೊಂದರೆಯಾಗಿಲ್ಲ ಎಂದು ಕೇಳಿ ತಿಳಿದ ಮೇಲೆ ತಿನ್ನಲು ಒಪ್ಪಿದರು. ತುಟಿ ಊದಿದರೆ, ಊಟದ ನಂತರ ಎದೆ ಕಟ್ಟಿದರೆ ಆ ಕ್ಷಣವೇ ನಿಲ್ಲಿಸಿ ಓಡಿ ಬಾ ಎಂದರು. ಜರಡಿ ಹಿಡಿಯುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲು ಹೇಳಿದವರೂ ಅವರೇ.

ಸೋಮವಾರದಿಂದ ಬಸಪ್ಪನ ಚಪಾತಿಯಲ್ಲಿ ಪಾಲು ತೆಗೆದುಕೊಂಡೆ. ಮೊದಲ ದಿನಗಳಲ್ಲಿ ಹೊಟ್ಟೆ ತುಂಬಿದರೂ ಊಟವಾದಂತೆ ಅನಿಸುತ್ತಿರಲಿಲ್ಲ. ಇನ್ನೇನು ಅನ್ನ ಬರಬಹುದೆಂದು ಕೈ ತೊಳೆಯದೆ ಕೂತಿರುತ್ತಿದ್ದೆ. ಎರಡು ವಾರ ಗುರುತುಗಳು ಕದಲಲಿಲ್ಲ. ಮೂರನೆಯ ವಾರ ಕತ್ತರಿಗಳು ಏಳರಿಂದ ಮೂರಕ್ಕೆ ಇಳಿದವು.

ಬಸಪ್ಪ ಗೆದ್ದೆನೆಂದ. ನನಗೆ ಮಾತ್ರ ಸಮಾಧಾನವಿಲ್ಲ. ಬಟ್ಟೆ, ಚಪಾತಿ ಎರಡನ್ನೂ ಒಂದೇ ದಿನ ಶುರು ಮಾಡಿದ್ದೆ. ಗುಣ ಯಾವುದರದು? ಶಿವರಾತ್ರಿಯ ವಾರ ಬಟ್ಟೆ ಬಿಚ್ಚಿಟ್ಟು ಜರಡಿ ಹಿಡಿದೆ. ಮೊದಲ ಎರಡು ದಿನ ಸೀನು ಮಾತ್ರ. ಮೂರನೆಯ ದಿನ ಬೆಕ್ಕಿನ ಮರಿ ಮತ್ತೆ ಕೂಗಿತು, ಮೊದಲಿಗಿಂತ ಮೆಲ್ಲಗೆ. ಹಾಗೆಂದು ನನಗೆ ಕೇಳಿಸಿತು. ಹಾಗೆ ಕೇಳಿಸಲಿ ಎಂಬ ಆಸೆಯೂ ಇತ್ತು.

ಯಜಮಾನರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

“ಬಟ್ಟೆ ಕಟ್ಟಿದ್ರೆ ಕೆಲಸ ಆಗ್ತದಾ?” ಎಂದರು.

“ಆಗ್ತದೆ.”

“ಹಾಗಾದ್ರೆ ಕಟ್ಟು. ನಿನ್ನ ಮುಖ ನೋಡ್ಲಿಕ್ಕೆ ಯಾರೂ ಪೂರಿ ತಿನ್ನೂದಿಲ್ಲ.”

ಮಾರ್ಚ್‌ನಲ್ಲಿ ಪರೀಕ್ಷೆ ಬರೆದೆ. ಮೇ ತಿಂಗಳಲ್ಲಿ ಸ್ಟೀಮರ್ ಹತ್ತಿದೆ, ಹೋಗಿ ಬರಲು. ಊರಿನ ಗಾಳಿಯಲ್ಲಿ ಎದೆ ಒಂದು ದಿನವೂ ಕೂಗಲಿಲ್ಲ. ಆದರೆ ಮೇ ೧೪ರ ರಾತ್ರಿ ಗಂಜಿ ಉಂಡು ಎದ್ದರೂ ಏನೋ ಬಾಕಿ ಉಳಿದಂತಿತ್ತು. ಎರಡು ಚಪಾತಿ ಸಿಗಬಹುದೇ ಎಂದು ಕೇಳಿದೆ.

ಅಮ್ಮ ನನ್ನನ್ನೇ ನೋಡಿದಳು. “ಇವತ್ತು ಬುಧವಾರ ಮಗಾ. ಎಂತದ್ದು ವ್ರತ ನಿಂದು?”

ಅವಳು ಹಿಟ್ಟಿನ ಡಬ್ಬ ತೆಗೆದಳು. ಮುಚ್ಚಳದ ಸದ್ದು ಕೇಳಿದ್ದೇ ನಾನು ಜಗಲಿಗೆ ಹೋಗಿ ನಿಂತೆ. ತಿನ್ನಲು ಮಾತ್ರ ಒಳಗೆ ಬಂದೆ.

ಈಗ ಮತ್ತೆ ಅಂಧೇರಿಯಲ್ಲಿದ್ದೇನೆ. ಚಪಾತಿ ಊಟವಾಗಿದೆ, ಬಟ್ಟೆ ಮೂಗಿನ ಮೇಲಿದೆ, ಕತ್ತರಿಗಳು ಪೂರ್ತಿ ನಿಂತಿಲ್ಲ. ತಿಂದದ್ದು ಉಸಿರಿಗೆ ನೆರವಾಗುತ್ತದೋ, ಬಟ್ಟೆಯ ಗುಣವನ್ನು ನಾನು ಚಪಾತಿಗೆ ಕೊಡುತ್ತಿದ್ದೇನೋ ತಿಳಿಯದು. ಹಿಟ್ಟಿನ ಗಿರಣಿಯಲ್ಲಿ, ಬೇಕರಿಯಲ್ಲಿ ದುಡಿದವರು, ಇದನ್ನು ಬಲ್ಲ ವೈದ್ಯರು ಯಾರಾದರೂ ಓದುತ್ತಿದ್ದರೆ ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಗೋಧಿ ನಿಮ್ಮ ಮನೆಯಲ್ಲಿ ದಿನದ ಊಟವೋ, ಶನಿವಾರದ್ದೋ ಎಂಬುದನ್ನೂ ದಯವಿಟ್ಟು ತಿಳಿಸಿ.