ಹನ್ನೆರಡನೇ ನಂಬರಿನ ಜರ್ಸಿ

ನಮ್ಮ ಬಾಗೇವಾಡಿ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದದ್ದು ಅಪರೂಪ. ಆದರೂ ಅದರ ಹಳದಿ ಜರ್ಸಿಗಿದ್ದಷ್ಟು ಗಿರಾಕಿ ಪೇಟೆಯಲ್ಲಿ ಬೇರೆ ಯಾವ ಬಟ್ಟೆಗೂ ಇರಲಿಲ್ಲ. ಪಂದ್ಯಗಳು ಸಂತೆಯ ದಿನವೇ ನಡೆಯುತ್ತಿದ್ದವು. ಹೂವಿನ ಹಿಪ್ಪರಗಿಯಿಂದ, ತಾಳಿಕೋಟೆಯಿಂದ ಬಂದವರು ಬಸ್ಸಿನ ಹೊತ್ತಾಗುವ ತನಕ ಚೀಲಗಳನ್ನು ಇಟ್ಟುಕೊಂಡು ಮೈದಾನದ ಅಂಚಿಗೆ ಕೂರುತ್ತಿದ್ದರು. ಆಟದ ನಿಯಮ ಯಾರಿಗೂ ಗೊತ್ತಿರಲಿಲ್ಲ. ಬಿದ್ದವರ ಪರ ಕೂಗುತ್ತಿದ್ದರು. ನಮ್ಮವರೇ ಹೆಚ್ಚು ಬೀಳುತ್ತಿದ್ದುದರಿಂದ ಕೂಗೆಲ್ಲ ನಮ್ಮ ಪಾಲಿಗೇ ಬರುತ್ತಿತ್ತು.

ನಾನು ತಂಡದ ಹನ್ನೆರಡನೆಯವ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಾರಲ್ಲ, ನಾನು ಆಟಕ್ಕೂ ಇರಲಿಲ್ಲ. ಜರ್ಸಿಗಳನ್ನು ಪುಕ್ಕಟೆ ಹೊಲಿಸಿಕೊಟ್ಟ ಬಟ್ಟೆ ಅಂಗಡಿಯ ಸಾಹುಕಾರರು ಒಂದೇ ಷರತ್ತು ಹಾಕಿದ್ದರು: ಅವುಗಳಲ್ಲೊಂದು ಅಂಗಡಿ ಮುಂದೆ ತೂಗಬೇಕು.

"ನಿಂದ ಕೊಡೋ ತಮ್ಮಾ. ನೀ ಹೆಂಗೂ ಆಡಂಗಿಲ್ಲಲ್ಲ," ಎಂದರು.

ಸಿಟ್ಟು ನೆತ್ತಿಗೇರಿತು. ಮಾತು ಖರೆ ಇದ್ದದ್ದಕ್ಕೆ ಇನ್ನೂ ಏರಿತು. ಆದರೂ ಕೊಟ್ಟೆ.

ತೂಗುತ್ತಿದ್ದುದನ್ನು ಕಂಡವರೆಲ್ಲ ಅಂಥದ್ದೇ ಬೇಕೆಂದರು. ಸಾಹುಕಾರರು ನಂಬರಿನ ಸಮೇತ ಅಂಥದ್ದನ್ನೇ ಹೊಲಿಸಿದರು. ಒಮ್ಮೆ ಬೇರೆ ನಂಬರು ಹಾಕಿಸಿ ನೋಡಿದರೆ ಗಿರಾಕಿಗಳು ಮುಟ್ಟಲಿಲ್ಲ. "ಇದು ಡೂಪ್ಲಿಕೇಟ್ ಐತ್ರಿ, ಹನ್ನೆರಡರದು ಕೊಡ್ರಿ" ಎಂದು ಹಟ ಹಿಡಿದರು. ಹೀಗೆ ಇಂಡಿಯಿಂದ ಮುದ್ದೇಬಿಹಾಳದವರೆಗೆ ಕುರಿ ಕಾಯುವವರು, ಹಮಾಲರು, ಟೆಂಪೋ ಕ್ಲೀನರುಗಳು ಎಲ್ಲರೂ ಹನ್ನೆರಡನೆಯವರಾದರು. ಎರಡು ಸಾವಿರದ ಇಸವಿ ದಾಟಿ, ಕಾಲೇಜಿನಲ್ಲಿ ತಂಡವೇ ಇಲ್ಲವಾದ ಮೇಲೂ ಸಿಂದಗಿ ಬಸ್ ನಿಲ್ದಾಣದಲ್ಲಿ ಹೊಚ್ಚಹೊಸ ಹನ್ನೆರಡನ್ನು ಕಂಡಿದ್ದೇನೆ.

ಶಾಲಾ ಮಾಸ್ತರರಾಗಿದ್ದ ನಮ್ಮಪ್ಪ ಇದನ್ನೆಲ್ಲ ನೋಡಿ, ಮಗನ ಆಟಕ್ಕೇ ನಾಡು ಮರುಳಾಗಿದೆ ಎಂದು ತಿಳಿದುಬಿಟ್ಟರು. "ನಾ ಆಡಂಗಿಲ್ಲಪಾ" ಎಂದರೆ, ವಿನಯ ಕಲಿತಿದ್ದಾನೆ ಎಂದು ಇನ್ನಷ್ಟು ಹಿಗ್ಗಿದರು. ನನ್ನ ಕೊನೆಯ ವರ್ಷದ ಕೊನೆಯ ಪಂದ್ಯ ಸಿಂದಗಿಯವರ ಮೇಲಿತ್ತು. ಅದನ್ನು ನೋಡಲು ಖುದ್ದು ಬಂದು ಮುಂದೆಯೇ ಕೂತರು. ನಾನು ನೀರಿನ ಕೊಡ ಹಿಡಿದು ನಿಂತಿದ್ದೆ. ಅಪ್ಪನ ಕಣ್ಣೆದುರು ಒಂದೇ ಒಂದು ಸಲ ಒಳಗೆ ಇಳಿದರೆ ಸಾಕು ಎಂದು ಹಾತೊರೆಯುತ್ತಿದ್ದೆ.

ಆಟ ಮುಗಿಯಲು ಬಂದಾಗ ನಮ್ಮವನೊಬ್ಬ ಕಾಲು ಉಳುಕಿಸಿಕೊಂಡ. ಪಿ.ಟಿ. ಸರ್ ನನ್ನ ಕಡೆ ತಿರುಗಿದರು.

"ಇಳೀಲೇ! ನಿನ್ನ ಬನಿಯನ್ ಎಲ್ಲೈತಿ?"

"ಅಂಗಡ್ಯಾಗ ತೂಗಾಕತ್ತೈತ್ರಿ ಸರ್."

ಸುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ಅಪ್ಪ ಎದ್ದು ಬಂದು ಬಿಳಿ ಅಂಗಿಯ ಗುಂಡಿ ಬಿಚ್ಚತೊಡಗಿದರು. ಒಳಗೆ ಹಳದಿ ಕಂಡಿತು. ಹನ್ನೆರಡು. ಯಾವಾಗ ಕೊಂಡಿದ್ದರೋ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ತಗೋ, ಲಗೂನ ಹೋಗು," ಎಂದರು.

ಮೊಣಕಾಲು ಮುಟ್ಟುವ ಜರ್ಸಿಯಲ್ಲಿ ಇಳಿದೆ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಲ್ಲೇ ನಿಂತೆ. ಚೆಂಡು ಒಮ್ಮೆ ನನ್ನತ್ತ ಬಂದಂತೆ ಮಾಡಿ ಬೇರೆ ಕಡೆ ಹೋಯಿತು. ಸೀಟಿ ಊದಿದರು. ಸೋತಿದ್ದೆವು.

ತಲೆ ತಗ್ಗಿಸಿ ಜರ್ಸಿ ಬಿಚ್ಚಿ ಕೊಟ್ಟೆ. "ಅಪ್ಪಾ, ಚೆಂಡ ಮುಟ್ಟಲಿಲ್ಲ."

"ಎಲ್ಲಾರೂ ಚೆಂಡಿನ ಹಿಂದ ಓಡಾಕತ್ತಿದ್ರು. ನೀ ಒಬ್ಬಾವ ನಿನ್ನ ಜಾಗಾ ಬಿಡಲಿಲ್ಲ," ಎಂದರು ಅಪ್ಪ.

ಹಾಗೆಂದವರೇ ಅದನ್ನು ಬಿಳಿ ಅಂಗಿಯ ಮೇಲೆಯೇ ಹಾಕಿಕೊಂಡು, ಸಂತೆಯ ನಡುವಿನಿಂದ ಮನೆಗೆ ಹೊರಟರು.