ಹೆತ್ತವಳು ಕೂಗಲಾಗದ ಹೆಸರು

ಸಿಂಗಟಗೆರೆ ಸುತ್ತಮುತ್ತ ಮೊದಲು ಬಿ.ಎ. ಪಾಸು ಮಾಡಿದವನು ನಾನು. ಇದನ್ನು ಜಂಬದಿಂದಲೇ ಹೇಳುತ್ತೇನೆ. ನಮ್ಮ ವಂಶದಲ್ಲಿ ಅದಕ್ಕೆ ಮುಂಚೆ ರುಜು ಹಾಕಲು ಬರುತ್ತಿದ್ದವರೇ ಇರಲಿಲ್ಲ. ರಜೆ ಮುಗಿಸಿ ಮೈಸೂರಿಗೆ ಮರಳುವಾಗಲೆಲ್ಲ ಅಪ್ಪ ರಾಗಿಹಿಟ್ಟಿನ ಗಂಟನ್ನು ತಲೆಯ ಮೇಲೆ ಹೊತ್ತು ಕಡೂರು ಸ್ಟೇಷನ್ನಿನವರೆಗೆ ನನ್ನ ಜೊತೆ ನಡೆದು ಬರುತ್ತಿದ್ದರು. ನಾನು ಪಾಸಾದ ವರ್ಷವೇ ತೀರಿಕೊಂಡರು. ನನಗೆ ಗಂಡು ಹುಟ್ಟಿದರೆ ಅವರ ಹೆಸರೇ ಎಂದು ಅಂದೇ ನಿಶ್ಚಯಿಸಿದ್ದೆ.

ತರೀಕೆರೆಯಲ್ಲಿ ಮೇಷ್ಟ್ರಾಗಿದ್ದಾಗ ಗಂಡೇ ಹುಟ್ಟಿತು. ಹೆರಿಗೆ ಆದದ್ದು ಅಜ್ಜಂಪುರದಲ್ಲಿ, ಹೆಂಡತಿಯ ತವರಿನಲ್ಲಿ. ತೊಟ್ಟಿಲಿಗೆ ಹಾಕುವ ದಿನ ಊರಿನಿಂದ ಅಮ್ಮನನ್ನೂ ಅಕ್ಕನನ್ನೂ ಕರೆದುಕೊಂಡು ಹೋದೆ. ಹೆಸರು ಯಾವುದೆಂದು ದಾರಿಯಲ್ಲಿ ಅಕ್ಕನಿಗೆ ಮಾತ್ರ ಹೇಳಿದೆ. ಮಗುವಿನ ಕಿವಿಯಲ್ಲಿ ಅದನ್ನು ಹೇಳಬೇಕಾದವಳು ಸೋದರತ್ತೆಯಾದ ಅವಳೇ ತಾನೆ. ಹೆಂಡತಿಯನ್ನು ಕೇಳಲಿಲ್ಲ. ಕೇಳಬೇಕು ಅನ್ನುವುದೇ ನನಗೆ ಹೊಳೆಯಲಿಲ್ಲ.

ಅಕ್ಕ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಉಸುರಿದಳು. ಆಮೇಲೆ ನೆರೆದವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಇನ್ನೊಂದ್ ಸಲ ಹೇಳೇ, ಸರಿಯಾಗಿ ಕೇಳಿಸ್ಲಿಲ್ಲ," ಎಂದಳು ಅಮ್ಮ.

ಅಕ್ಕ ಹೇಳಿದಳು.

"ಇನ್ನೊಂದ್ ಸಲ."

ಮೂರು ಹೊಲದಾಚೆ ದನ ಕೆಮ್ಮಿದರೂ ಕೇಳಿಸಿಕೊಳ್ಳುವ ಕಿವಿ ಅಮ್ಮನದು!

ಇನ್ನು ಹೆಂಗಸರೆಲ್ಲ ಒಬ್ಬೊಬ್ಬರಾಗಿ ತೊಟ್ಟಿಲು ತೂಗಿ ಮಗುವನ್ನು ಹೊಸ ಹೆಸರಿನಿಂದ ಕರೆಯಬೇಕು. ಮೊದಲ ಸರದಿ ಅಮ್ಮನದು. ಹಗ್ಗ ಹಿಡಿದಳು, ತೂಗಿದಳು, ಬಾಯಿ ಬಿಡಲಿಲ್ಲ. ಗಂಡನ ಹೆಸರನ್ನು ಹೆಂಡತಿ ಹೇಳುವುದುಂಟೆ? ಆಮೇಲೆ ನನ್ನ ಹೆಂಡತಿ. ಅವಳೂ ತುಟಿ ಬಿಗಿಹಿಡಿದು ತೂಗಿದಳು. ಮಾವನ ಹೆಸರನ್ನು ಸೊಸೆ ಹೇಳುವುದುಂಟೆ?

ಹೆಂಡತಿಯ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ.

"ಹೆತ್ತೋಳೂ ಕರೆಯಂಗಿಲ್ಲ, ಅಜ್ಜೀನೂ ಕರೆಯಂಗಿಲ್ಲ. ಕೂಸು ಬೀದಿಗೆ ಓಡಿದ್ರೆ ಕೂಗೋಕೆ ಸಿಂಗಟಗೆರೆಯಿಂದ ಅತ್ತೇನ ಕರೆಸ್ಬೇಕೇನ್ರೇ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ನಡುಮನೆಯ ಬಾಗಿಲಲ್ಲಿ ನಿಂತು ಪಾಠಕ್ಕೆ ಶುರುವಿಟ್ಟೆ. "ಹೆಸರು ಹೇಳಿದ್ರೆ ಏನೂ ಆಗಲ್ಲ, ಅದೆಲ್ಲ ಮೂಢನಂಬಿಕೆ..."

"ಸಾಕು ಸುಮ್ನಿರಪ್ಪಾ," ಎಂದಳು ಅಮ್ಮ. "ಅಷ್ಟೆಲ್ಲ ಓದ್ದೋನಿಗೆ ಮನೇಲಿ ಇಬ್ರು ಹೆಂಗಸ್ರಿದಾರೆ ಅಂತ ಗೊತ್ತಾಗ್ಲಿಲ್ವಾ?"

ಆಗ ಹೆಂಡತಿ ತಲೆ ತಗ್ಗಿಸಿಕೊಂಡೇ ಅಕ್ಕನಿಗೆ ಹೇಳಿದಳು. ಹೇಳಿದ್ದು ನನಗೆ.

"ಮಾವಯ್ಯನ ಹೆಸರು ಮನೆಗೆ ಬಂದಿದ್ದು ನಂಗೂ ಸಂತೋಷವೇ ಅತ್ಗೆ. ಆದ್ರೆ ನನ್ನ ಮಗನ್ನ ನಾನು ಬಾರೋ ಇಲ್ಲಿ ಅಂತ ಕೂಗೋದು ಬೇಡ್ವಾ? ಜನ್ಮವೆಲ್ಲಾ, ಬನ್ನಿ ಮಾವಯ್ಯ, ಸಿಂಬಳ ಒರೆಸ್ತೀನಿ ಅಂತಿರ್ಲಾ?"

ಮತ್ತೆ ನಗು. ಆದರೆ ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. "ಹಾಗಾದ್ರೆ ಹೆಸರೇ ಬದಲಾಯಿಸೋಣ," ಎಂದುಬಿಟ್ಟೆ. ಅಮ್ಮನ ಮುಖ ಸಣ್ಣದಾಯಿತು. ಒಂದು ಹೆಸರು ಇಡಲು ಹೋಗಿ ಇಬ್ಬರನ್ನೂ ನೋಯಿಸಿದ್ದೆ.

ಅಮ್ಮ ತೊಟ್ಟಿಲನ್ನು ಎರಡು ಸಲ ತೂಗಿ, "ಕಿವೀಲಿ ಬಿದ್ದಿದ್ದು ಬಿತ್ತು, ಅದು ಇರ್ಲಿ," ಎಂದಳು. "ಕರೆಯೋ ಹೆಸರು ಹೆತ್ತೋಳು ಇಡ್ಲಿ. ಏನಂತ ಕರೀತೀಯೇ?"

"ಹುಟ್ಟಿದ ದಿನದಿಂದ ಕರೀತಾನೇ ಇದೀನಿ ಅತ್ತೆ. ಗುಂಡ ಅಂತ."

ಬಿ.ಎ. ಮೇಷ್ಟ್ರ ಮಗ ಗುಂಡ! ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತೊಟ್ಟಿಲ ಮೇಲೆ ಬಗ್ಗಿ, "ಗುಂಡಾ, ಲೇ ಗುಂಡಾ," ಎಂದು ಕೂಗಿಯೇ ಬಿಟ್ಟಳು. ಹೆಂಡತಿ ಅವಳಿಗಿಂತ ಜೋರಾಗಿ ಕೂಗಿದಳು.

ಅಪ್ಪನ ಹೆಸರು ಮುಂದೆ ಸ್ಕೂಲಿನ ರಿಜಿಸ್ಟರಿಗೆ ಏರಿತು. ಮನೆಯಲ್ಲಿ ಮಾತ್ರ ಅವನು ಗುಂಡನೇ. ಆದರೆ ಅಕ್ಕ ತರೀಕೆರೆಗೆ ಬಂದಾಗಲೆಲ್ಲ, ಆಗ ನಮ್ಮ ಜೊತೆಗೇ ಇದ್ದ ಅಮ್ಮ ಅವನನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂರುತ್ತಿದ್ದಳು.

"ನಿನ್ನ ಅಳಿಯ ಎಲ್ಲಿ ಹೋದ್ನೋ ಕಾಣೆ ಕಣೇ. ಪೂರ್ತಿ ಹೆಸರು ಹಿಡಿದು ಕೂಗು, ಬತ್ತಾನೆ."

ಅಕ್ಕ ಕೂಗುತ್ತಿದ್ದಳು. ಸೆರಗಿನೊಳಗೆ ಗುಂಡ ಕಿಲಕಿಲ ನಗುತ್ತಿದ್ದ.

"ಕೇಳಿಸ್ಲಿಲ್ಲ ಅನ್ಸುತ್ತೆ," ಎನ್ನುತ್ತಿದ್ದಳು ಅಮ್ಮ, "ಇನ್ನೊಂದ್ ಸಲ ಕೂಗು."