ಆಯ್ತು ಅಂದಿದ್ದ

೧೯೪೧ರಲ್ಲಿ ನಾನು ಓದು ಬಿಟ್ಟೆ. ಹೊಟ್ಟೆಪಾಡಿಗೆ ಕಲಿತದ್ದು ಬಾವಿ ತೋಡಿಸುವ ಕೆಲಸ. ಆ ಕೆಲಸದಲ್ಲಿ ಕೆಂಚಯ್ಯನೆಂಬ ಆಳು ಮಣ್ಣಿನಡಿ ಸಿಕ್ಕಿ ಸತ್ತ. ಅವನನ್ನು ಗುಂಡಿಗೆ ಇಳಿಸಿದವನು ನಾನು. ಊರು ಮಾತ್ರ ಇವತ್ತಿಗೂ ರಂಗಪ್ಪನೇ ಕಾರಣ ಅನ್ನುತ್ತದೆ — ಹಾಗೆಂದು ನಂಬಿಸಿದವನೂ ನಾನೇ.

ರಂಗಪ್ಪ ನನ್ನ ಜೊತೆಗಾರ. ನಮ್ಮ ಅರಸೀಕೆರೆಯಿಂದ ಬಾವಿ ಕೆಲಸಕ್ಕೆ ಹೊರಡುವ ಮೊದಲೇ ಯಾವ ಕೆಲಸದ ಹಿಂದೆ ಯಾವುದು ಎಂದು ನಾನು ಗೊತ್ತು ಮಾಡಿಬಿಡುತ್ತಿದ್ದೆ. ಇಂಜಿನಿಯರಿಗೂ ಇಷ್ಟು ಮುಂದಾಲೋಚನೆ ಇಲ್ಲವೆಂಬ ಜಂಬ ನನಗೆ. "ನಿನ್ ತಿಥಿಗೆ ಏನಡುಗೆ ಅಂತ್ಲೂ ಈಗ್ಲೇ ಹೇಳ್ಬುಡ್ಲಾ," ಎಂದು ಅವನು ರೇಗಿಸುತ್ತಿದ್ದ.

ಹಳೇಬೀಡಿನ ಹತ್ತಿರ ಒಂದು ಬಾವಿ. ಆಷಾಢಕ್ಕೆ ಮುಂಚೆ ಗಂಗೆಪೂಜೆ ಮಾಡಿಸುತ್ತೇನೆಂದು ಊರಗೌಡರಿಗೆ ಮಾತು ಕೊಟ್ಟಿದ್ದೆ. ಅರ್ಧ ಆಳಕ್ಕೆ ಹೋಗುವಾಗ ಸಡಿಲ ಮಣ್ಣು ಬಂತು. ಮೊದಲು ಬದಿಗೆ ಮರದ ಆಸರೆ, ಆಮೇಲೆ ಅಗೆತ — ನಾನೇ ಹಾಕಿದ ಕ್ರಮ.

"ಬೇಲೂರಿಂದ ಮರ ತಂದು ನಾಳೆ ಸಂಜೆಯೊಳ್ಗೆ ಆಸರೆ ಕೊಡ್ತೀಯೇನ್ಲಾ?"

"ಆಯ್ತು," ಎಂದು ರಂಗಪ್ಪ ಹೊರಟ.

ಮರುದಿನ ಅಗೆತವಿರಲಿಲ್ಲ. ಬೆಳಿಗ್ಗೆ ಕೆಂಚಯ್ಯ ಒಬ್ಬನೇ ಮಣ್ಣು ಹೊರುವ ತನ್ನ ಮಂಕರಿ ಒಯ್ಯಲು ಬಂದಿದ್ದ. ಮೋಡ ಕವಿದಿತ್ತು, ಆಷಾಢ ಹುಟ್ಟುವ ಅಮಾವಾಸ್ಯೆ ಹತ್ತಿರ ಬಂದಿತ್ತು — ನನಗೆ ತಡೆಯಲಾಗಲಿಲ್ಲ. ಒಂದಿಷ್ಟು ಅಗೆ, ಮಣ್ಣು ನಾನು ಮೇಲೆ ಎಳೆದುಕೊಳ್ಳುತ್ತೇನೆ ಎಂದೆ.

"ಆಸರೆ ಇಲ್ವಲ್ಲ ಮೇಸ್ತ್ರಿ?"

"ಬತ್ತೈತೆ, ಇಳಿ. ಹೆದ್ರಿಕೆ ಆದ್ರೆ ಸೀರೆ ಉಟ್ಕೊ."

ನಕ್ಕು ಇಳಿದ. ಬದಿ ಕುಸಿದಾಗ ಅವನ ಕೂಗೂ ಕೇಳಲಿಲ್ಲ.

ಹೆಣ ತೆಗೆದ ಮೇಲೆ ಗೌಡರು ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನು ಹೇಳಿದ್ದು ಇಷ್ಟೇ: "ಆಸರೆ ವಿಚಾರ ಇವನ್ನ ಕೇಳಿದ್ದೆ. ಆಯ್ತು ಅಂದ. ಆಮೇಲೆ ಕೆಂಚಯ್ಯನ್ನ ಇಳಿಸ್ದೆ."

"ಅಂದಿದ್ಯೇನಯ್ಯ?"

"ಅಂದಿದ್ದೆ ಗೌಡ್ರೆ. ಆದ್ರೆ—"

ಮುಂದಿನ ಮಾತಿಗೆ ಯಾರೂ ಕಾಯಲಿಲ್ಲ. ಮಾಡುತ್ತೇನೆ ಅನ್ನುವುದಕ್ಕೂ ಆಯ್ತು, ಮಾಡಿ ಮುಗಿಸಿದೆ ಅನ್ನುವುದಕ್ಕೂ ಆಯ್ತು. ಅವನು ಹೇಳಿದ್ದು ಯಾವುದೆಂದು ಬಲ್ಲವನು ನಾನೊಬ್ಬನೇ. ಅವನು ನನ್ನ ಮುಖ ನೋಡಿದ. ನಾನು — ಮಣ್ಣಿನ ಗುಡ್ಡೆ ನೋಡುತ್ತಾ ನಿಂತೆ. ನಾನು ಸುಳ್ಳಾಡಲಿಲ್ಲವಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ...

ಆಮೇಲೆ ರಂಗಪ್ಪನನ್ನು ಯಾರೂ ಬಾವಿ ಕೆಲಸಕ್ಕೆ ಕರೆಯಲಿಲ್ಲ. ಅರೇಹಳ್ಳಿ ಕಡೆ ಕಾಫಿ ತೋಟದ ಕೂಲಿಗೆ ಹೋದವನು ಅಲ್ಲೇ ತೀರಿಕೊಂಡ. ಕೆಂಚಯ್ಯನ ಹೆಂಡತಿ ಈಗಲೂ ಅವನಿಗೇ ಶಾಪ ಹಾಕುತ್ತಾಳಂತೆ. ಆ ಶಾಪ ಸೇರಬೇಕಾದದ್ದು ಯಾರಿಗೆಂದು ಅವಳ ಮುಂದೆ ನಿಂತು ಹೇಳಬೇಕು. ಹೇಳುತ್ತೇನೆ.

ಈಗ ನನಗಿರುವುದು ಹೆಂಚಿನ ಮನೆ ಒಂದು, ತೆಂಗಿನ ಮರ ಹದಿನಾಲ್ಕು, ಮಕ್ಕಳು ಮೂವರು, ಸೈಕಲ್ಲು ಒಂದು. ಜೊತೆಗಾರರು ಯಾರೂ ಇಲ್ಲ.